ಮಾರ್ಚ್‌ನಲ್ಲೂ ಬರುವವರನ್ನು ಕರೆ

ಜಿಮ್‌ಗೆ ಜಾಗ ಸಿಕ್ಕಿತು, ಬ್ಯಾಂಕ್ ಸಾಲವೂ ಆಯಿತು, ಇನ್ನು ಜಾಹೀರಾತಿನದ್ದೊಂದು ಹೇಳಿಕೊಡು ಮಾವ ಎಂದು ಕೇಳಿದೆಯಲ್ಲಪ್ಪಾ, ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಗೋಡೆ ಬರಹ, ಸಿನಿಮಾ ಸ್ಲೈಡು, ಆಟೋಗೆ ಮೈಕ್ ಕಟ್ಟಿ ಕೂಗಿಸುವುದು, ಪೇಪರಿನೊಳಗೆ ಪಾಂಪ್ಲೆಟ್ ಸೇರಿಸುವುದು, ಕೇಬಲ್ ಟಿ.ವಿ.ಯ ಅಡಿಯಲ್ಲಿ ಓಡುವ ಸಾಲು, ಇವುಗಳಿಂದಲೇ ಮೈಸೂರಿನಲ್ಲಿ ನಮ್ಮ ಮನೆ ನಡೆಯಿತು. ನಿನ್ನ ಕಾಲದ ರೀಲ್ಸು, ಮ್ಯಾಪು ಬೇರೆ ಲೋಕ ಎಂದು ನಿನಗೆ ಅನ್ನಿಸಬಹುದು. ಓದುವವನ ಮನಸ್ಸು ಮಾತ್ರ ಅಂದಿನದೇ. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ನೀನು ಕಳಿಸಿದ ಫ್ಲೆಕ್ಸ್ ಡಿಸೈನ್ ನೋಡಿದೆ. ಕಪ್ಪು ಹಿನ್ನೆಲೆ, ಕೆಂಪು ಅಕ್ಷರ, ನಡುವೆ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಯಾರೋ ವಿದೇಶಿ ಬಾಡಿಬಿಲ್ಡರ್, ಮೂಲೆಯಲ್ಲಿ 'ವರ್ಷಕ್ಕೆ ಕಟ್ಟಿದರೆ 3 ತಿಂಗಳು ಉಚಿತ'. ಇದನ್ನು ನೋಡಿ ಯಾರು ಮೆಟ್ಟಿಲು ಹತ್ತಿ ಬರಬೇಕು ಎಂದು ಕೇಳಿದ್ದಕ್ಕೆ 'ಎಲ್ಲರೂ' ಅಂದೆ. ಆ ಚಿತ್ರ ಎಲ್ಲರನ್ನೂ ಕರೆಯುವುದಿಲ್ಲ ಕಣಪ್ಪಾ. ಹತ್ತೊಂಬತ್ತು ವರ್ಷದ ಹುಡುಗನನ್ನು ಕರೆಯುತ್ತದೆ, ಅಷ್ಟೆ. ಮಂಡಿ ನೋವು ಶುರುವಾದ ಬ್ಯಾಂಕ್ ನೌಕರನಿಗೆ, ಹೆರಿಗೆಯಾಗಿ ವರ್ಷ ಕಳೆದ ಹೆಣ್ಣುಮಗಳಿಗೆ, ಹುಟ್ಟಿದಾಗಿನಿಂದ ಡಂಬೆಲ್ ಮುಟ್ಟದವನಿಗೆ ಅದೇ ಚಿತ್ರ 'ಇದು ನಿಮ್ಮ ಜಾಗ ಅಲ್ಲ' ಎಂದು ಹೇಳಿ ಕಳಿಸಿಬಿಡುತ್ತದೆ. ಜಾಹೀರಾತಿನಲ್ಲಿ ಒಬ್ಬರನ್ನು ಕರೆದಾಗಲೇ ಇನ್ನೊಬ್ಬರಿಗೆ ಬಾಗಿಲು ಮುಚ್ಚಿಹೋಗುತ್ತದೆ. ಯಾರಿಗೆ ತೆರೆಯಬೇಕು ಎಂದು ನೀನು ತೀರ್ಮಾನ ಮಾಡದಿದ್ದರೆ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿರುವ ಚಿತ್ರವೇ ತೀರ್ಮಾನ ಮಾಡುತ್ತದೆ.

ಯಾರನ್ನು ಕರೆಯಬೇಕೆಂದು ಆರಿಸಿ ಕರೆಯುವ ಈ ವಿದ್ಯೆಗೆ ನೂರು ವರ್ಷದ ಇತಿಹಾಸವಿದೆ. ಇಟಲಿಯಲ್ಲಿ ಹುಟ್ಟಿದ ಏಂಜೆಲೊ ಸಿಸಿಲಿಯಾನೊ ಎಂಬ ಹುಡುಗ ನ್ಯೂಯಾರ್ಕಿಗೆ ಬಂದು ಮೈ ಬೆಳೆಸಿ, ಚಾರ್ಲ್ಸ್ ಅಟ್ಲಾಸ್ ಎಂದು ಹೆಸರು ಬದಲಿಸಿಕೊಂಡ. 1920ರ ದಶಕದ ಮೊದಲಲ್ಲಿ ಬರ್ನಾರ್ ಮ್ಯಾಕ್‌ಫ್ಯಾಡನ್ ಎಂಬ ಪತ್ರಿಕೆಯ ಒಡೆಯ ನಡೆಸಿದ ದೇಹಸೌಷ್ಠವ ಸ್ಪರ್ಧೆ ಗೆದ್ದ. ಅಂಚೆಯ ಮೂಲಕ ವ್ಯಾಯಾಮದ ಪಾಠ ಮಾರುವ ಅವನ ವ್ಯಾಪಾರ ಕುಂಟುತ್ತಿದ್ದಾಗ, 1929ರಲ್ಲಿ ಚಾರ್ಲ್ಸ್ ರೋಮನ್ ಎಂಬ ಯುವ ಜಾಹೀರಾತುಗಾರ ಪಾಲುದಾರನಾಗಿ ಸೇರಿಕೊಂಡ. ಆಮೇಲೆ ಬಂದದ್ದು ಒಂದು ಚಿತ್ರಕಥೆ. ಸಮುದ್ರತೀರದಲ್ಲಿ ಗೆಳತಿಯ ಜೊತೆ ಕೂತಿದ್ದ ಬಡಕಲು ಹುಡುಗನ ಮುಖಕ್ಕೆ ಒಬ್ಬ ದಾಂಡಿಗ ಮರಳು ಒದೆಯುತ್ತಾನೆ. ಹುಡುಗ ಮನೆಗೆ ಹೋಗಿ ಅಟ್ಲಾಸ್‌ನ ಪಾಠ ತರಿಸಿಕೊಂಡು, ಮೈ ಬೆಳೆಸಿ, ಮತ್ತೆ ಅದೇ ತೀರಕ್ಕೆ ಬಂದು ದಾಂಡಿಗನಿಗೆ ಬಾರಿಸುತ್ತಾನೆ. ಜಾಹೀರಾತಿನ ಆ ಬಡಕಲನ ತೂಕ 97 ಪೌಂಡ್, ನಮ್ಮ ಲೆಕ್ಕದಲ್ಲಿ 44 ಕಿಲೋ. ಇದು ಅಚ್ಚಾದದ್ದು ಹುಡುಗರು ಓದುವ ಕಾಮಿಕ್ ಪುಸ್ತಕಗಳಲ್ಲಿ, ದಶಕಗಳ ಕಾಲ.

ಗುರಿ ಹಿಡಿದ ಬಗೆಯನ್ನು ನೋಡು. ಯಾರು ಬೇಕೋ ಅವನು ಯಾವ ಪುಟ ತಿರುವುತ್ತಾನೋ ಅದೇ ಪುಟದಲ್ಲಿ, ಅವನು ಯಾರಿಗೂ ಹೇಳಿಕೊಳ್ಳದ ನೋವನ್ನು ಚಿತ್ರ ಮಾಡಿ ಇಟ್ಟರು. ಕಸುಬಿನ ದೃಷ್ಟಿಯಿಂದ ಅದಕ್ಕಿಂತ ಚೊಕ್ಕ ಕೆಲಸವನ್ನು ನಾನು ಕಂಡಿಲ್ಲ. ಆದರೆ ಆ ಕೆಲಸದ ಬೇರು ಅವಮಾನದಲ್ಲಿತ್ತು. ಪಾಠ ತರಿಸಿಕೊಂಡ ಹುಡುಗರಲ್ಲಿ ಕೆಲವರು ಗಟ್ಟಿಯಾಗಿರಬಹುದು. ತರಿಸಿಕೊಳ್ಳಲಾರದೆ ಪುಟ ಮುಚ್ಚಿದ ಹುಡುಗರಿಗೆ ಉಳಿದದ್ದು ತಾನು ಬಡಕಲ ಎನ್ನುವ ಮಾತೊಂದೇ. ಇಂದಿಗೂ ಜಿಮ್‌ನ ಜಾಹೀರಾತು ಹೆಚ್ಚಾಗಿ ಹಿಡಿಯುವುದು ಇದೇ ದಾರಿಯನ್ನು. ಹೊಟ್ಟೆ ತೋರಿಸಿ ನಾಚಿಸು, ಮದುವೆ ಗೊತ್ತಾದವಳಿಗೆ ತೂಕ ನೆನಪಿಸು, 'ಕನ್ನಡಿ ನೋಡಿಕೊಂಡಿದ್ದೀಯಾ' ಎಂದು ಕೇಳು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಜಾಹೀರಾತು ನಿಯಮಗಳೇ ಈಗ ಇದಕ್ಕೆ ಅಡ್ಡ ನಿಲ್ಲುತ್ತವೆ. ನೋಡುವವರಿಗೆ ತಮ್ಮ ಮೈಯ ಬಗ್ಗೆ ಕೀಳರಿಮೆ ಹುಟ್ಟಿಸಿ ತೂಕ ಇಳಿಸುವುದನ್ನು ಮಾರುವಂತಿಲ್ಲ, ತೂಕ ಇಳಿಸುವ ಯಾವ ಜಾಹೀರಾತನ್ನೂ 18 ವರ್ಷದೊಳಗಿನವರಿಗೆ ತೋರಿಸುವಂತಿಲ್ಲ. ನಿಯಮ ಇರಲಿ ಬಿಡಲಿ, ನಾಚಿಸಿ ಕರೆತಂದವನು ನಾಚಿಕೆ ಕಡಿಮೆಯಾದ ದಿನ ಬರುವುದನ್ನು ನಿಲ್ಲಿಸುತ್ತಾನೆ. ನಾಚಿಕೆ ಹೆಚ್ಚಾದರಂತೂ ಇನ್ನೂ ಬೇಗ ನಿಲ್ಲಿಸುತ್ತಾನೆ.

ಎರಡು ದೊಡ್ಡ ಹೆಸರುಗಳನ್ನು ಪಕ್ಕ ಪಕ್ಕ ಇಟ್ಟು ನೋಡು. ಜೋ ಗೋಲ್ಡ್ 1965ರಲ್ಲಿ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ಗೋಲ್ಡ್ಸ್ ಜಿಮ್ ತೆರೆದ. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಅಲ್ಲಿ ಬೆವರು ಹರಿಸಿದ. 1977ರ 'ಪಂಪಿಂಗ್ ಐರನ್' ಸಾಕ್ಷ್ಯಚಿತ್ರ ಆ ಜಿಮ್ಮನ್ನು ಲೋಕಕ್ಕೆಲ್ಲ ತೋರಿಸಿತು. ಭಾರ ಎತ್ತುವುದೇ ಬದುಕು ಎನ್ನುವವರು ಅಲ್ಲಿಗೆ ಯಾತ್ರೆ ಹೋದಂತೆ ಹೋದರು. ಇನ್ನೊಂದು ಕಡೆ, 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶುರುವಾದ ಪ್ಲಾನೆಟ್ ಫಿಟ್‌ನೆಸ್ ಆ ದೈತ್ಯರನ್ನೇ ಬೇಡ ಎಂದಿತು. ಭಾರ ಎತ್ತುವಾಗ ಯಾರಾದರೂ ಅಬ್ಬರಿಸಿದರೆ, ಡಂಬೆಲ್ ಎತ್ತಿ ಹಾಕಿದರೆ ಅಲ್ಲಿ ಸೈರನ್ ಮೊಳಗುತ್ತದೆ. ಇಲ್ಲಿ ಯಾರೂ ನಿಮ್ಮನ್ನು ಅಳೆಯುವುದಿಲ್ಲ ಎಂಬುದೇ ಅವರ ಘೋಷಣೆ. ತಿಂಗಳಿಗೆ 10 ಡಾಲರ್ ಎಂಬ ಬೆಲೆಯನ್ನು ಬಹುಕಾಲ ಹಾಗೇ ಇಟ್ಟುಕೊಂಡು 2024ರಲ್ಲಿ 15 ಮಾಡಿದರು. ಮೊದಲ ಸಲ ಜಿಮ್‌ಗೆ ಬರುವ ಅಂಜುಬುರುಕನಿಗೆ ಬಾಗಿಲು ತೆರೆದದ್ದು ದೊಡ್ಡ ಮಾತೇ, ನಾನು ಒಪ್ಪುತ್ತೇನೆ. ಆದರೆ ಅಷ್ಟು ಕಡಿಮೆ ಬೆಲೆ ಹೇಗೆ ಗಿಟ್ಟುತ್ತದೆ ಎಂದು ಕೇಳಿಕೋ. ಸೇರಿದವರೆಲ್ಲ ಒಂದೇ ದಿನ ಬಂದರೆ ನಿಲ್ಲಲೂ ಜಾಗವಿರುವುದಿಲ್ಲ. ಬಾರದವರ ದುಡ್ಡಿನಲ್ಲಿ ಬರುವವರ ಟ್ರೆಡ್‌ಮಿಲ್ ಓಡುತ್ತದೆ.

ಇದನ್ನು ಅಳೆದು ನೋಡಿದವರಿದ್ದಾರೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ 7,752 ಸದಸ್ಯರ ಮೂರು ವರ್ಷದ ಹಾಜರಿಯನ್ನು ಕೂಡಿ ಕಳೆದು 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟುತ್ತಿದ್ದವರು ಸರಾಸರಿ ಬರುತ್ತಿದ್ದದ್ದು ತಿಂಗಳಿಗೆ 4.3 ಸಲ. ಅಂದರೆ ಒಂದು ಭೇಟಿಗೆ 17 ಡಾಲರ್‌ಗೂ ಮೇಲೆ ಬಿತ್ತು. ಅದೇ ಕ್ಲಬ್‌ನಲ್ಲಿ ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ಒಂದಕ್ಕೆ 10 ಡಾಲರ್‌ನಲ್ಲಿ ಮುಗಿಯುತ್ತಿತ್ತು. ಮುಂದೆ ತಾವು ಇದಕ್ಕಿಂತ ಹೆಚ್ಚು ಸಲ ಬರುತ್ತೇವೆಂದು ಆ ಜನ ನಂಬಿದ್ದರು ಎಂಬುದು ಆ ಅರ್ಥಶಾಸ್ತ್ರಜ್ಞರ ವಿವರಣೆ. ಜನವರಿಯ ಆಫರು, ವರ್ಷದ ಪ್ಯಾಕೇಜು, 'ಇವತ್ತೇ ಕೊನೆಯ ದಿನ' ಎಂಬ ಮೆಸೇಜು, ಇವೆಲ್ಲ ಆ ನಂಬಿಕೆಯನ್ನೇ ಮುಂಗಡವಾಗಿ ಮಾರಿಕೊಳ್ಳುತ್ತವೆ.

ನೀನು ಹಾಗೆ ಮಾಡಬೇಡ ಎನ್ನುವುದಕ್ಕೆ ಧರ್ಮದ ಕಾರಣ ಒಂದಿದೆ, ವ್ಯಾಪಾರದ ಕಾರಣವೂ ಒಂದಿದೆ. ಧರ್ಮದ್ದು ನಿನಗೆ ನಿಮ್ಮಮ್ಮ ಕಲಿಸಿದ್ದಾಳೆ, ನಾನು ವ್ಯಾಪಾರದ್ದು ಹೇಳುತ್ತೇನೆ. ನೂರಾರು ಊರಲ್ಲಿ ಶಾಖೆ ಇರುವ ಕಂಪನಿಗೆ ಈ ಊರಲ್ಲಿ ಹೆಸರು ಕೆಟ್ಟರೆ ಮುಂದಿನ ಊರಿದೆ. ನಿನಗಿರುವುದು ಕುವೆಂಪುನಗರದ ನಾಲ್ಕು ರಸ್ತೆ. ದುಡ್ಡು ಕಟ್ಟಿ ಬಾರದೆ ಉಳಿದವನು ತನ್ನ ಸೋಮಾರಿತನವನ್ನು ಬೈದುಕೊಳ್ಳುವುದಿಲ್ಲ, ತರಕಾರಿ ಅಂಗಡಿಯ ಮುಂದೆ ನಿಂತು 'ಅಲ್ಲಿ ಕಟ್ಟಿದ ದುಡ್ಡು ದಂಡವಾಯ್ತು' ಅನ್ನುತ್ತಾನೆ. ಕೇಳಿಸಿಕೊಂಡವರು ನಿನ್ನ ರೀಲ್ಸ್ ಎಷ್ಟು ಸಲ ನೋಡಿದರೂ ಮೆಟ್ಟಿಲು ಹತ್ತುವುದಿಲ್ಲ. ಜನವರಿಯಲ್ಲಿ ದುಡ್ಡು ಕಟ್ಟುವವನನ್ನು ಯಾರು ಬೇಕಾದರೂ ಕರೆತಂದಾರು. ನಿನ್ನ ಜಾಹೀರಾತು ಮಾರ್ಚ್‌ನಲ್ಲೂ ಬರುವವನನ್ನು ಹುಡುಕಬೇಕು. ಮುಂದೆ ನಾನು ಹೇಳುವುದೆಲ್ಲ ಇದೊಂದೇ ಮಾತಿನಿಂದ ಹುಟ್ಟಿದ್ದು.

ನಮ್ಮ ಊರಿನ ಗರಡಿಗಳು ಶಿಷ್ಯರನ್ನು ಹೇಗೆ ಸೇರಿಸುತ್ತಿದ್ದವು ಗೊತ್ತೇ? ಕುಸ್ತಿಯ ಪೋಸ್ಟರಿನಲ್ಲಿ ಪೈಲ್ವಾನನ ಹೆಸರಿನ ಜೊತೆಗೆ ಅವನ ಗರಡಿಯ ಹೆಸರು, ಕುಸ್ತಿ ಕಲಿಸಿದ ವಸ್ತಾದನ ಹೆಸರು ಅಚ್ಚಾಗುತ್ತಿತ್ತು. ಈಗಲೂ ಆಗುತ್ತದೆ. ದಸರೆಯಲ್ಲಿ ದೊಡ್ಡಕೆರೆ ಮೈದಾನದ ಅಖಾಡಕ್ಕೆ ಹೋಗಿ ನೋಡು, ಜೋಡಿ ಕಟ್ಟಿದ ಮೇಲೆ ಜನ ಮೊದಲು ಕೇಳುವುದು 'ಯಾವ ಗರಡಿ' ಎಂದು. ಮಟ್ಟಿಯ ಮೇಲೆ ಹುಡುಗ ನಿಂತ ರೀತಿಯೇ ಆ ಗರಡಿಯ ಜಾಹೀರಾತು. ಸೋತರೂ ಚೆನ್ನಾಗಿ ಸೋತ ಹುಡುಗನ ಹಿಂದೆ ನಾಲ್ಕು ಹುಡುಗರು ಆ ಗರಡಿಗೆ ಹೋಗುತ್ತಿದ್ದರು.

ಪೇಟೆಯ ರೀತಿಯಲ್ಲಿ ಅದನ್ನು ಮಾಡಿದವರು ಬೆಂಗಳೂರಿನ ಕೆ.ವಿ. ಅಯ್ಯರ್. ನೀನು ಅವರನ್ನು 'ಶಾಂತಲಾ', 'ರೂಪದರ್ಶಿ' ಬರೆದವರು ಎಂದು ಓದಿರುತ್ತೀಯ. ನಾಟಕಕಾರ ಕೈಲಾಸಂ ಅವರ ಆಪ್ತ ಸ್ನೇಹಿತರು. ಅವರು ನಡೆಸುತ್ತಿದ್ದದ್ದು ವ್ಯಾಯಾಮಶಾಲೆ. ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು. ಇಂಗ್ಲಿಷ್ ಓದಿದ ಪೇಟೆಯ ಯುವಕರು ತಮಗೆ ಬೇಕು ಎಂದು ಅವರಿಗೆ ತಿಳಿದಿತ್ತು, ಆದ್ದರಿಂದ 'ಮಸಲ್ ಕಲ್ಟ್', 'ಪರ್ಫೆಕ್ಟ್ ಫಿಸಿಕ್' ಎಂಬ ಪುಸ್ತಕಗಳನ್ನು ಇಂಗ್ಲಿಷಿನಲ್ಲೇ ಬರೆದರು, ತಮ್ಮ ದೇಹದ ಚಿತ್ರಗಳನ್ನೇ ಅಚ್ಚು ಹಾಕಿಸಿದರು. ಎದುರಿಗೆ ಕಲಿಸುವ ಮನುಷ್ಯನ ಮೈಯೇ ಚಿತ್ರದಲ್ಲೂ ಇತ್ತು. ನಿನ್ನ ಫ್ಲೆಕ್ಸ್‌ನಲ್ಲಿರುವ ವಿದೇಶಿಯನ್ನು ತೆಗೆದುಹಾಕು ಎಂದು ನಾನು ಹೇಳುವುದು ಇದಕ್ಕೇ. ಅವನು ನಿನ್ನ ಜಿಮ್‌ನಲ್ಲಿ ಬೆವರು ಹರಿಸಿಲ್ಲ.

ಈಗ ನಿನ್ನ ಜಾಗಕ್ಕೆ ಬರೋಣ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಕೆಳಗೆ ಮೆಡಿಕಲ್ ಸ್ಟೋರ್, ಎದುರಿಗೆ ಬಸ್ ಸ್ಟಾಪ್. ಜಿಮ್‌ಗೆ ಜನ ದೂರದಿಂದ ಬರುವುದಿಲ್ಲ. ಸ್ಕೂಟರಿನಲ್ಲಿ ಹತ್ತು ನಿಮಿಷ ಮೀರಿದರೆ ಮಳೆಗಾಲದಲ್ಲಿ ನಿಂತೇ ಹೋಗುತ್ತಾರೆ. ರಿಂಗ್ ರೋಡಿನ ದೊಡ್ಡ ಹೋರ್ಡಿಂಗ್ ಬೇಡ ಅನ್ನುವುದು ಅದಕ್ಕೆ. ಜಾಗದ ನಂತರದ್ದು ಹೊತ್ತು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಒಂಬತ್ತು, ಆಗ ಜನ ತಾನಾಗಿ ಬರುತ್ತಾರೆ. ಹನ್ನೊಂದರಿಂದ ನಾಲ್ಕರವರೆಗೆ ಬಾಡಿಗೆ, ಕರೆಂಟು, ಟ್ರೇನರ್ ಸಂಬಳ ಎಲ್ಲ ಓಡುತ್ತಿರುತ್ತವೆ, ಜಿಮ್ ಮಾತ್ರ ಖಾಲಿ. ತುಂಬಿದ ಹೊತ್ತಿಗೆ ಇನ್ನಷ್ಟು ಜನರನ್ನು ಕರೆಯುವ ಜಾಹೀರಾತಿಗೆ ದುಡ್ಡು ಹಾಕಿದರೆ ಇರುವವರೂ ಬೇಸತ್ತು ಬಿಡುತ್ತಾರೆ. ಖಾಲಿ ಹೊತ್ತಿನಲ್ಲಿ ಬಿಡುವಾಗಿರುವವರು ಯಾರು? ಮಕ್ಕಳನ್ನು ಸ್ಕೂಲಿಗೆ ಬಿಟ್ಟ ಗೃಹಿಣಿಯರು, ನಿವೃತ್ತರು, ರಾತ್ರಿ ಪಾಳಿ ಮುಗಿಸಿದವರು, ಮಧ್ಯಾಹ್ನದ ನಂತರ ಬಿಡುವಾಗುವ ಹೋಟೆಲ್ ನೌಕರರು. ನಿನ್ನ ಜಾಹೀರಾತಿನ ದುಡ್ಡಿನಲ್ಲಿ ದೊಡ್ಡ ಪಾಲು ಇವರಿಗೆ ಹೋಗಲಿ. ಬೆಲೆಯನ್ನೂ ಆ ಹೊತ್ತಿಗೆ ಇಳಿಸು. ಆ ರಿಯಾಯಿತಿಗೆ ಒಂದು ಕಾರಣವಿದೆ, ಕೇಳಿದವರಿಗೆ ಅರ್ಥವಾಗುತ್ತದೆ.

ಹೆಂಗಸರ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಜಿಮ್‌ನವರು ಹೆಚ್ಚು ತಪ್ಪುವುದು ಇಲ್ಲೇ. ಗುಲಾಬಿ ಬಣ್ಣದ ಪಾಂಪ್ಲೆಟ್ ಹೊಡೆಸಿ 'ಲೇಡೀಸ್ ಸ್ಪೆಷಲ್ ಆಫರ್' ಎಂದು ಬರೆದರೆ ಸಾಕೆಂದು ತಿಳಿಯುತ್ತಾರೆ. ಹೆಣ್ಣುಮಗಳು ಜಾಹೀರಾತಿನಲ್ಲಿ ಹುಡುಕುವುದು ಬೇರೆ ಸಂಗತಿಗಳನ್ನು. ಕಲಿಸುವವಳು ಹೆಂಗಸೇ? ಯಾವ ಹೊತ್ತಿಗೆ ಇರುತ್ತಾಳೆ? ಬಟ್ಟೆ ಬದಲಿಸುವ ಕೋಣೆ ಬೇರೆ ಇದೆಯೇ, ಅದಕ್ಕೆ ಒಳಗಿನಿಂದ ಚಿಲಕ ಇದೆಯೇ? ಸಿ.ಸಿ. ಕ್ಯಾಮೆರಾ ಯಾವ ಕಡೆ ತಿರುಗಿದೆ? ರೀಲ್ಸ್ ಮಾಡುವ ಹುಡುಗರು ಹಿಂದೆ ನಿಂತು ಮೊಬೈಲ್ ಹಿಡಿದಿರುತ್ತಾರೆಯೇ? ಸಂಜೆ ಮೆಟ್ಟಿಲಲ್ಲಿ ದೀಪ ಇದೆಯೇ? ಇವಕ್ಕೆಲ್ಲ ಉತ್ತರ ಸಿಗದ ಜಾಹೀರಾತನ್ನು ಅವಳು ಮಡಿಚಿಟ್ಟುಬಿಡುತ್ತಾಳೆ. ನೀನು ಮಹಿಳಾ ಟ್ರೇನರ್ ಇಟ್ಟುಕೊಂಡಿದ್ದೀಯಲ್ಲ, ಅವರು ಒಪ್ಪಿದರೆ ಅವರದ್ದೇ ಫೋಟೋ, ಅವರ ತರಬೇತಿಯ ವಿವರ, ಅವರು ಇರುವ ಹೊತ್ತು ಹಾಕು. ಜಿಮ್‌ನೊಳಗೆ ಒಪ್ಪಿಗೆ ಇಲ್ಲದೆ ಯಾರೂ ಯಾರನ್ನೂ ಚಿತ್ರೀಕರಿಸುವಂತಿಲ್ಲ ಎಂಬ ನಿಯಮ ಮಾಡು, ಆ ನಿಯಮವನ್ನೇ ಜಾಹೀರಾತಿನಲ್ಲಿ ಬರೆ. ಇನ್ನೊಂದು, ಲೇಡೀಸ್ ಬ್ಯಾಚ್ ಎಂದರೆ ಬೆಳಿಗ್ಗೆ ಹತ್ತಕ್ಕೆ ಮಾತ್ರ ಎಂದು ಇಟ್ಟರೆ ಕೆಲಸಕ್ಕೆ ಹೋಗುವ ಹೆಂಗಸರು ಎಲ್ಲಿಗೆ ಹೋಗಬೇಕು? ಸಂಜೆಯೂ ಒಂದು ಇರಲಿ.

ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆಯ ಸುತ್ತ ಬೆಳಗಿನ ಜಾವ ಎಷ್ಟು ಜನ ನಡೆಯುತ್ತಾರೆ ನೀನೇ ನೋಡಿದ್ದೀಯ. ಅವರಿಗೆ ಆರೋಗ್ಯದ ಚಿಂತೆ ಇದೆ, ಬೇಗ ಏಳುವ ಅಭ್ಯಾಸವಿದೆ, ವರ್ಷಗಟ್ಟಲೆ ಬಿಡದೆ ಬರುವ ನಿಷ್ಠೆ ಇದೆ. ನೀನು ಹುಡುಕುತ್ತಿರುವ ಮಾರ್ಚ್ ತಿಂಗಳ ಮನುಷ್ಯ ಅಲ್ಲೇ ನಡೆಯುತ್ತಿದ್ದಾನೆ! ಆದರೂ ಅವರಿಗೆ ಜಿಮ್ ಎಂದರೆ ಹುಡುಗರ ಜಾಗ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಎರಡು ಭಾಗ ಇವೆ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ ಮಾಡಬೇಕು ಎನ್ನುವುದು ಒಂದು, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು ಎನ್ನುವುದು ಇನ್ನೊಂದು. 65 ದಾಟಿದವರು ಮೈಯ ಸಮತೋಲನ ಕಾಯುವ ವ್ಯಾಯಾಮವನ್ನೂ ಸೇರಿಸಿಕೊಳ್ಳಬೇಕು. ನಡೆಯುವವರು ಮೊದಲನೆಯದನ್ನು ಚೆನ್ನಾಗಿಯೇ ಮಾಡುತ್ತಿದ್ದಾರೆ, ಎರಡನೆಯದನ್ನು ಅವರಿಗೆ ಯಾರೂ ಹೇಳಿಲ್ಲ. ಅವರಿಗೆ ಬೇರೆ ಕರಪತ್ರ ಬೇಕು. ಅಕ್ಷರ ದಪ್ಪ ಇರಲಿ, ಕನ್ನಡದಲ್ಲಿರಲಿ. 'ನಡಿಗೆ ಬಿಡಬೇಡಿ. ವಾರಕ್ಕೆ ಎರಡು ದಿನ ಕಾಲು, ಸೊಂಟ, ಬೆನ್ನಿಗೆ ಬಲ ಕೊಡಲು ನಮ್ಮಲ್ಲಿಗೆ ಬನ್ನಿ' ಎಂದು ಬರೆದರೆ ಸಾಕು. ವಾರಕ್ಕೆ ಎರಡೇ ದಿನದ ಪ್ಯಾಕೇಜ್ ಇಡು. ಇಂಥದ್ದೊಂದು ಇರಬಹುದೆಂದು ನಮ್ಮ ಕಡೆಯ ಜಿಮ್‌ಗಳಿಗೆ ಹೊಳೆಯುವುದೇ ಇಲ್ಲ.

ಸಕ್ಕರೆ ಕಾಯಿಲೆಯವರು ಬರುತ್ತಾರೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಅದು ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿತು. ವ್ಯಾಯಾಮದಿಂದ ಅವರಿಗೆ ಒಳ್ಳೆಯದಾಗುತ್ತದೆ, ಅದನ್ನು ಹೇಳು. 'ಶುಗರ್ ಗುಣಪಡಿಸುತ್ತೇವೆ' ಎಂದು ಮಾತ್ರ ಎಲ್ಲಿಯೂ ಬರೆಯಬೇಡ. ಕೌಂಟರ್‌ನಲ್ಲಿ ಯಾವುದಾದರೂ ಪುಡಿ, ಮಾತ್ರೆ ಇಟ್ಟು ಅದರಿಂದ ಸಕ್ಕರೆ ಕಾಯಿಲೆ, ಬೊಜ್ಜು ಹೋಗುತ್ತದೆ ಎಂದು ಜಾಹೀರಾತು ಕೊಟ್ಟರಂತೂ 1954ರ ಆಕ್ಷೇಪಾರ್ಹ ಔಷಧ ಜಾಹೀರಾತು ಕಾಯ್ದೆ ಅಡ್ಡ ಬರುತ್ತದೆ, ಅದರ ಪಟ್ಟಿಯಲ್ಲಿ ಇವೆರಡೂ ಇವೆ. ಸಪ್ಲಿಮೆಂಟ್ ಕಂಪನಿಯವರು ಬಂದು ನಿನ್ನ ಬೋರ್ಡಿನ ಖರ್ಚು ನಾವು ಕೊಡುತ್ತೇವೆ, ಮೇಲೆ ನಮ್ಮ ಹೆಸರು ಹಾಕು ಎನ್ನುತ್ತಾರೆ. ಒಪ್ಪಬೇಡ.

2021ರ ಅಕ್ಟೋಬರ್ 29 ನೆನಪಿದೆಯಲ್ಲ. ನಟ ಪುನೀತ್ ರಾಜ್‌ಕುಮಾರ್, ನಮ್ಮ ಅಪ್ಪು, ವ್ಯಾಯಾಮದ ಬೆನ್ನಿಗೇ ಎದೆನೋವು ಬಂದು ಹೋದ ಮೇಲೆ ಜಯದೇವ ಆಸ್ಪತ್ರೆಯ ಮುಂದೆ ಎದೆ ತಪಾಸಣೆಗೆ ಜನ ಸಾಲುಗಟ್ಟಿದರು, ಬೆಂಗಳೂರಿನಲ್ಲೂ ನಮ್ಮ ಮೈಸೂರಿನಲ್ಲೂ. ಎಷ್ಟೋ ಮನೆಗಳಲ್ಲಿ ಜಿಮ್ ಎಂದರೆ ಹೆದರಿಕೆ ಹುಟ್ಟಿತು, ಅದು ಇನ್ನೂ ಪೂರ್ತಿ ಹೋಗಿಲ್ಲ. ಆ ಹೆದರಿಕೆಯನ್ನು ಮಾರಾಟಕ್ಕೆ ಬಳಸಬೇಡ, ಕಡೆಗಣಿಸಲೂ ಬೇಡ. ಸೇರುವ ಮೊದಲು ಬಿ.ಪಿ. ನೋಡುತ್ತೇವೆ, ಎದೆನೋವು, ತಲೆಸುತ್ತು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಎಂದು ಕೇಳಿ ಬರೆದುಕೊಳ್ಳುತ್ತೇವೆ, ಅನುಮಾನವಿದ್ದರೆ ಡಾಕ್ಟರ ಚೀಟಿ ತನ್ನಿ ಎನ್ನುತ್ತೇವೆ, ನಮ್ಮ ಟ್ರೇನರ್‌ಗಳಿಗೆ ಸಿ.ಪಿ.ಆರ್. ಗೊತ್ತು. ಈ ನಾಲ್ಕು ಮಾತು ನಿಜವಾಗುವಂತೆ ಮೊದಲು ಮಾಡು, ಆಮೇಲೆ ಜಾಹೀರಾತಿನಲ್ಲಿ ಬರೆ. ಮಗನನ್ನು ಜಿಮ್‌ಗೆ ಕಳಿಸಲೋ ಬೇಡವೋ ಎಂದು ಅಳೆಯುತ್ತಿರುವ ತಾಯಿ ಓದುವುದು ಅದನ್ನೇ.

ಪೊಲೀಸ್ ಪೇದೆ, ಪಿ.ಎಸ್.ಐ., ಅಗ್ನಿವೀರ್ ಪರೀಕ್ಷೆಗೆ ತಯಾರಾಗುವ ಹುಡುಗರು ಬಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು 1600 ಮೀಟರ್ ಓಟದಂಥವು. ಅದಕ್ಕೆ ಮೈದಾನ ಬೇಕು, ಟ್ರೆಡ್‌ಮಿಲ್ ಸಾಲದು. ಹಾಗೆಂದೇ ಅವರಿಗೆ ಹೇಳು. ಓಟ ಮೈದಾನದಲ್ಲಿ, ಕಾಲಿನ ಬಲ ನಮ್ಮಲ್ಲಿ ಎಂದು ಎರಡು ತಿಂಗಳ ಕಡಿಮೆ ಬೆಲೆಯ ಬ್ಯಾಚ್ ಮಾಡು. ಹಳ್ಳಿಯಿಂದ ಬಂದು ರೂಮು ಮಾಡಿಕೊಂಡಿರುವ ಆ ಹುಡುಗರ ಹತ್ತಿರ ದುಡ್ಡು ಇರುವುದಿಲ್ಲ. ವರ್ಷದ ಪ್ಯಾಕೇಜ್ ಅವರ ತಲೆಗೆ ಕಟ್ಟಿದರೆ ಪಾಪ ತಟ್ಟುತ್ತದೆ.

ಮೊಬೈಲಿನ ಜಾಹೀರಾತಿಗೆ ಬರುತ್ತೇನೆ. ಗೂಗಲ್ ಮ್ಯಾಪ್‌ನಲ್ಲಿ ನಿನ್ನ ಜಿಮ್ಮಿನ ಹೆಸರು, ಹೊತ್ತು, ಫೋನ್, ಒಳಗಿನ ನಿಜವಾದ ಫೋಟೋ ಸರಿಯಾಗಿ ಇರಲಿ. 'ಹತ್ತಿರದ ಜಿಮ್' ಎಂದು ಹುಡುಕುವವನು ಆಗಲೇ ಮನಸ್ಸು ಮಾಡಿದವನು, ಅವನಿಗೆ ದಾರಿ ತೋರಿಸಿದರೆ ಸಾಕು, ಅದಕ್ಕೆ ದುಡ್ಡೂ ಇಲ್ಲ. ಪಾರ್ಕಿಂಗ್ ಎಲ್ಲಿ, ಮೆಟ್ಟಿಲು ಎಷ್ಟು ಎನ್ನುವುದನ್ನೂ ಹಾಕು. ಸ್ನೇಹಿತರಿಂದ ಸುಳ್ಳು ರಿವ್ಯೂ ಬರೆಸಬೇಡ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಜಾಹೀರಾತು ಬೇರೆ ಜಾತಿಯದು. ಅಲ್ಲಿ ನೋಡುವವನು ಜಿಮ್ ಹುಡುಕುತ್ತಿರುವುದಿಲ್ಲ, ನೀನೇ ಅವನನ್ನು ಅರಸಿಕೊಂಡು ಹೋಗುತ್ತೀಯ. ನಕ್ಷೆಯ ಮೇಲೆ ನಿನ್ನ ಜಿಮ್‌ನ ಸುತ್ತ ಕೆಲವು ಕಿಲೋಮೀಟರ್ ವೃತ್ತ ಹಾಕಿ, ವಯಸ್ಸು ಆರಿಸಿ, ಅಷ್ಟು ಜನಕ್ಕೆ ಮಾತ್ರ ತೋರಿಸಬಹುದು. ನಮ್ಮ ಕಾಲದಲ್ಲಿ ಯಾವ ಪೇಪರ್ ಏಜೆಂಟ್ ಯಾವ ರಸ್ತೆಗೆ ಹಾಕುತ್ತಾನೆ ಎಂದು ನೋಡಿ ಪಾಂಪ್ಲೆಟ್ ಸೇರಿಸುತ್ತಿದ್ದೆವು. ಕೆಲಸ ಅದೇ. ಹೊಸದು ಏನೆಂದರೆ ಆ ಯಂತ್ರ ಕಲಿಯುತ್ತದೆ. ಹೆಚ್ಚು ಮೆಸೇಜ್ ಬರಲಿ ಎಂದು ಕೇಳಿದರೆ ಮೆಸೇಜ್ ಒತ್ತುವ ಚಟದವರನ್ನೇ ಹುಡುಕಿ ತರುತ್ತದೆ. ಕನಿಷ್ಠ 100 ಗ್ರಾಹಕರ ಪಟ್ಟಿ ಕೊಟ್ಟು 'ಇವರಂಥವರನ್ನು ಹುಡುಕು' ಎಂದೂ ಹೇಳಬಹುದು, ಅದನ್ನು ಲುಕ್‌ಅಲೈಕ್ ಎನ್ನುತ್ತಾರೆ. ಅದಕ್ಕೆ ನಿನ್ನಲ್ಲಿ ಸೇರಿದವರೆಲ್ಲರ ಪಟ್ಟಿ ಕೊಡಬೇಡ. ದುಡ್ಡು ಕಟ್ಟಿ ಮಾಯವಾದವರ ಹೆಸರು ಅದರಲ್ಲಿದ್ದರೆ ಯಂತ್ರ ಅಂಥವರನ್ನೇ ಇನ್ನೂ ನೂರು ಜನ ತರುತ್ತದೆ. ಮೂರು ತಿಂಗಳು ಬಿಡದೆ ಬಂದವರ ಪಟ್ಟಿ ಮಾಡು, ಅದನ್ನು ಕೊಡು. ಹೀಗೆ ಬಳಸಲು ಅವರ ಒಪ್ಪಿಗೆ ಬರೆಸಿಕೊಂಡಿರಬೇಕು. 2023ರಲ್ಲಿ ಆದ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಒಪ್ಪಿಗೆ ಕೇಳುತ್ತದೆ, ಮರ್ಯಾದೆಯೂ ಕೇಳುತ್ತದೆ.

ಲೆಕ್ಕ ಇಡುವ ಕ್ರಮ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ, ಅಂಕಿ ನನ್ನ ಊಹೆಯವು. 6,000 ರೂಪಾಯಿ ಹಾಕಿ ಸಿಕ್ಸ್‌ಪ್ಯಾಕ್ ಚಿತ್ರದ ಜಾಹೀರಾತು ಕೊಟ್ಟೆ. 80 ಮೆಸೇಜ್ ಬಂತು, 20 ಜನ ಬಂದು ನೋಡಿದರು, 8 ಜನ ಸೇರಿದರು, ಮೂರನೇ ತಿಂಗಳಿಗೆ 5 ಜನ ಉಳಿದರು. ಅಷ್ಟೇ ದುಡ್ಡಿಗೆ ವಾಕಿಂಗ್ ಮಾಡುವವರ ಜಾಹೀರಾತು ಕೊಟ್ಟೆ. 30 ಮೆಸೇಜ್, 15 ಜನ ಬಂದರು, 7 ಜನ ಸೇರಿದರು, 6 ಜನ ಉಳಿದರು. ಏಜೆನ್ಸಿಯ ಹುಡುಗ ಬಂದು ಮೊದಲನೆಯದೇ ಗೆದ್ದಿತು, ಒಂದು ಮೆಸೇಜ್ 75 ರೂಪಾಯಿಗೆ ಬಿತ್ತು, ಎರಡನೆಯದು 200 ಆಯಿತು ಎನ್ನುತ್ತಾನೆ. ಉಳಿದವರ ಮೇಲೆ ಭಾಗಿಸು. ಮೊದಲನೆಯದರಲ್ಲಿ ಒಬ್ಬನಿಗೆ 1,200, ಎರಡನೆಯದರಲ್ಲಿ 1,000. ಪ್ರತಿ ತಿಂಗಳೂ ಈ ಭಾಗಾಕಾರ ಮಾಡು, ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದರೂ ಆದೀತು.

ಒಂದು ದಿನದ ಉಚಿತ ಟ್ರಯಲ್ ಎಂದು ಬರೆದಿದ್ದೀಯ, ಅದನ್ನು ವಾರ ಮಾಡು. ಹೊಸಬನ ಮೈ ನೋವು ಹೆಚ್ಚಾಗುವುದು ವ್ಯಾಯಾಮ ಮಾಡಿದ ಮಾರನೆಯ ದಿನ, ಅದರ ಮಾರನೆಯ ದಿನ. ಒಂದೇ ದಿನ ಬಂದವನು ಆ ನೋವನ್ನು ಮಾತ್ರ ಮನೆಗೆ ಒಯ್ಯುತ್ತಾನೆ. ವಾರ ಬಂದವನಿಗೆ ನೋವು ಇಳಿದದ್ದೂ ಗೊತ್ತಾಗುತ್ತದೆ, ಟ್ರೇನರ್ ಹೆಸರು ಹಿಡಿದು ಕರೆದದ್ದೂ ನೆನಪಿರುತ್ತದೆ. ಆ ವಾರದಲ್ಲಿ ಅವನಿಂದ ಭಾರ ಎತ್ತಿಸಿ ಸುಸ್ತು ಮಾಡಬೇಡ.

'ಮೊದಲು', 'ನಂತರ' ಎಂಬ ಜೋಡಿ ಫೋಟೋ ಬೇಡ ಅನ್ನುತ್ತೇನೆ. ಬೆಳಕು ಬದಲಿಸಿ, ಎಣ್ಣೆ ಸವರಿ, ಹೊಟ್ಟೆ ಒಳಗೆಳೆದು ಒಂದೇ ಮಧ್ಯಾಹ್ನದಲ್ಲಿ ಎರಡನ್ನೂ ತೆಗೆಯಬಹುದು, ಇದು ಫೋಟೋ ಸ್ಟುಡಿಯೋದವರಿಗೆಲ್ಲ ಗೊತ್ತು. ಕೆಲವರ 'ನಂತರ'ದ ಹಿಂದೆ ಸ್ಟೆರಾಯ್ಡ್ ಇರುತ್ತದೆ. ಅದನ್ನು ನೋಡಿ ನಂಬಿದ ಹುಡುಗ ಮೂರು ತಿಂಗಳಲ್ಲಿ ಹಾಗಾಗದಿದ್ದಾಗ ಸೂಜಿ ಹುಡುಕಿಕೊಂಡು ಹೋದರೆ ಆ ಫೋಟೋ ಹಾಕಿದವನಿಗೂ ಅದರಲ್ಲಿ ಪಾಲಿದೆ. ಬದಲಿಗೆ ಸದಸ್ಯರ ಮಾತನ್ನು ಅವರ ಒಪ್ಪಿಗೆಯಿಂದ ಹಾಕು. ಮೊಮ್ಮಗುವನ್ನು ಎತ್ತಿಕೊಳ್ಳಲು ಆಗುತ್ತಿದೆ, ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕಾಗಿಲ್ಲ, ರಾತ್ರಿ ನಿದ್ದೆ ಬರುತ್ತಿದೆ, ಹೀಗೆ ಹೇಳುವವರು ಆರು ತಿಂಗಳಲ್ಲಿ ಸಿಗುತ್ತಾರೆ. ಅಲ್ಲಿಯವರೆಗೆ ಕಾಯಿ.

ಕಾನೂನಿನದ್ದು ಬೇಗ ಹೇಳಿಬಿಡುತ್ತೇನೆ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ 2022ರಲ್ಲಿ ಬಂದಿದೆ. ಆಸೆ ತೋರಿಸಲೆಂದೇ ಒಂದು ಬೆಲೆ ಹಾಕಿ ಬಂದವರಿಗೆ ಇನ್ನೊಂದು ಹೇಳುವುದು, ಉಚಿತ ಎಂದು ಬರೆದು ಬೇರೆ ಹೆಸರಲ್ಲಿ ವಸೂಲಿ ಮಾಡುವುದು ತಪ್ಪು. ಷರತ್ತುಗಳನ್ನು ಜಾಹೀರಾತಿನ ಭಾಷೆಯಲ್ಲೇ, ಓದಲಾಗುವಂತೆ ಬರೆಯಬೇಕು. ದಂಡ ಮೊದಲ ಸಲಕ್ಕೆ 10 ಲಕ್ಷದವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ. ಇನ್‌ಸ್ಟಾಗ್ರಾಂನಲ್ಲಿ ಹೆಸರಿರುವ ಹುಡುಗನಿಗೆ ದುಡ್ಡು ಕೊಟ್ಟು ಹೊಗಳಿಸಿದರೆ ಅದು ಜಾಹೀರಾತು ಎಂದು ಅವನು ಅಲ್ಲೇ ತೋರಿಸಬೇಕು. ಫ್ಲೆಕ್ಸ್ ವಿಷಯದಲ್ಲಿ 2018ರಲ್ಲಿ ಬೆಂಗಳೂರಿನಲ್ಲಿ ಹೈಕೋರ್ಟ್ ಎಷ್ಟು ಕಟ್ಟುನಿಟ್ಟಾಯಿತು ನೆನಪಿರಲಿ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ಕಾಯ್ದೆಯಿದೆ, ಪಾಲಿಕೆಯ ಅನುಮತಿ ಇಲ್ಲದೆ ಕಂಬ, ಮರಕ್ಕೆ ಕಟ್ಟಬೇಡ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಯಾಗಿದೆ. ಕಾಯ್ದೆಗಾಗಿ ಅಲ್ಲದಿದ್ದರೂ ನಿನ್ನ ಗಿರಾಕಿಗಳಿಗಾಗಿ ಕನ್ನಡ ದೊಡ್ಡದಾಗಿರಲಿ.

ವರ್ಷದ ಪ್ಯಾಕೇಜ್ ತೆಗೆದುಹಾಕು. ಪರೀಕ್ಷೆಯ ಹುಡುಗರ ಬ್ಯಾಚ್ ಬಿಟ್ಟರೆ ಮೊದಲ ವರ್ಷ ಒಂದು ತಿಂಗಳು, ಮೂರು ತಿಂಗಳು, ಎರಡೇ ಇರಲಿ. ಜ್ವರ ಬಂದರೆ, ಊರಿಗೆ ಹೋದರೆ, ಮಗಳ ಪರೀಕ್ಷೆ ಬಂದರೆ ಅಷ್ಟು ದಿನ ಮುಂದಕ್ಕೆ ಹಾಕಿಕೊಳ್ಳಬಹುದು ಎಂದು ಬರೆ. ಬ್ಯಾಂಕಿನ ಕಂತಿನ ಚಿಂತೆ ನನಗೂ ಅರ್ಥವಾಗುತ್ತದೆ, ವರ್ಷದ ದುಡ್ಡು ಒಟ್ಟಿಗೆ ಬಂದರೆ ಕೈ ತುಂಬುತ್ತದೆ. ಆದರೆ ಆ ದುಡ್ಡು ಜನವರಿಯಲ್ಲೇ ಖರ್ಚಾಗಿ, ಆ ಜನರಿಗೆ ಡಿಸೆಂಬರ್‌ವರೆಗೆ ಸೇವೆ ಕೊಡುವ ಸಾಲ ನಿನ್ನ ಮೇಲೆ ಉಳಿಯುತ್ತದೆ. ಹಾಗೆ ವರ್ಷದ ದುಡ್ಡು ತೆಗೆದುಕೊಂಡು ಮಧ್ಯದಲ್ಲೇ ಬೀಗ ಹಾಕಿದ ಜಿಮ್ ಒಂದು ನಮ್ಮ ರಸ್ತೆಯಲ್ಲೇ ಇತ್ತು, ನಿಮ್ಮತ್ತೆಯ ದುಡ್ಡೂ ಅದರಲ್ಲಿ ಹೋಯಿತು.

ಫ್ಲೆಕ್ಸ್‌ಗೆ ಆರ್ಡರ್ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸು. ಮೊದಲು ಮೂರು ಪಾಂಪ್ಲೆಟ್ ಬರೆ, ಹೆಂಗಸರಿಗೊಂದು, ವಾಕಿಂಗ್‌ನವರಿಗೊಂದು, ಸಂಜೆ ಬರುವ ಹುಡುಗರಿಗೊಂದು. ಒಂದರಲ್ಲಿ ಇನ್ನೊಂದನ್ನು ಬೆರೆಸಬೇಡ. ಹೆಂಗಸರದ್ದನ್ನು ಅಚ್ಚಿಗೆ ಕೊಡುವ ಮೊದಲು ನಿನ್ನ ತಂಗಿಯ ಕೈಗೆ ಕೊಟ್ಟು, ಏನು ಕೇಳಬೇಕೆನಿಸುತ್ತದೆ ಎಂದು ಕೇಳು, ಅವಳು ಕೇಳಿದ್ದಕ್ಕೆಲ್ಲ ಉತ್ತರ ಸೇರಿಸು. ಕರಡುಗಳನ್ನು ನನಗೆ ವಾಟ್ಸಾಪ್ ಮಾಡು, ಕಾಗುಣಿತ ನೋಡಿಕೊಡುತ್ತೇನೆ. ನಮ್ಮ ಕಡೆ ಪೇಪರ್ ಹಾಕುವ ಏಜೆಂಟ್ ನನಗೆ ಪರಿಚಯ. ಭಾನುವಾರದ ಪೇಪರಿನಲ್ಲಿ ಪಾಂಪ್ಲೆಟ್ ಹೆಚ್ಚು ತುಂಬಿರುತ್ತವೆ, ನಿನ್ನದು ಬುಧವಾರ ಹೋಗಲಿ ಎಂದು ಅವರಿಗೆ ಹೇಳಿಟ್ಟಿರುತ್ತೇನೆ.